ಬಳೆಯ ಅಳತೆ ಗೊಂತಿಪ್ಪೋರಿಂಗೆ ಪೈಪಿನ ಅಳತೆ ಗೊಂತಾಗದೋ?

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ನೆರೆಕರೆಯೋರೇ,

ಇಂದು ಆನು ಬರವಲೆ ಕೂದ್ದು ಜಗಳಕ್ಕೇ ಹೇಳಿ ತಿಳ್ಕೊಳ್ಳಿ. ಸಾರಿನ ಹೊಡಿಯ ಲೆಕ್ಕ ಅಲ್ಲ, ಹಲಸಿನ ಹಪ್ಪಳದ ಸಂಗತಿಯೂ ಅಲ್ಲ. ಟ್ರ್ಯಾಕ್ಟರಿನ ಪೈಪಿನ ಸಂಗತಿ. ನೆಗೆ ಮಾಡೆಡಿ, ಅಕೇರಿವರೆಗೆ ಓದಿ.

ನಮ್ಮ ಹೊಡೆಲಿ ಒಂದು ಮಾತು ಮದಲಿಂದಲೂ ನೆಡಕ್ಕೊಂಡು ಬೈಂದು. ಟ್ರ್ಯಾಕ್ಟರೋ, ಟಿಲ್ಲರೋ, ಪಂಪೋ ಹಾಳಾಗಿ ನಾಲ್ಕು ಜೆನ ಗೆಂಡುಮಕ್ಕೊ ಸುತ್ತ ನಿಂದೊಂಡಿಪ್ಪಗ ನಾವು ಹತ್ತರೆ ಹೋಗಿ "ಎಂತಾತು?" ಕೇಳಿರೆ, "ಅದು ನಿನಗೆ ಅರ್ಥ ಆಗ, ನೀನು ಒಂದು ಚಾಯ ಮಾಡು" ಹೇಳುಗು. ಚಾಯ ಮಾಡ್ಲೆ ಎನಗೆ ಬೇಜಾರಿಲ್ಲೆ. ಮೂವತ್ತು ವರ್ಷಂದ ಮಾಡಿದ್ದೆ, ಇನ್ನೂ ಮಾಡ್ತೆ. ಆದರೆ "ಅರ್ಥ ಆಗ" ಹೇಳ್ತ ಆ ಮಾತು ಲೊಟ್ಟೆ. ಬರೀ ಲೊಟ್ಟೆ ಆಗಿದ್ದರೆ ಸಾರ ಇತ್ತಿಲ್ಲೆ. ಅದರಿಂದ ಮನೆಗೆ ನಷ್ಟ ಇದ್ದು, ಒಂದೊಂದರಿ ಕೈಬೆರಳೇ ಹೋಪ ಅಪಾಯವೂ ಇದ್ದು.

ಗೊಂತಿಲ್ಲದ್ದೋರಿಂಗೆ ಮದಲು ಲೋಡರ್ ಹೇಳಿರೆ ಎಂತ ಹೇಳ್ತೆ. ಟ್ರ್ಯಾಕ್ಟರಿನ ಎದುರಾಣ ಹೊಡೆಲಿ ಆನೆಯ ದಾಡೆಯ ಹಾಂಗೆ ಎರಡು ಕಬ್ಬಿಣದ ಕೈ, ಅದರ ಕೊಡಿಲಿ ಒಂದು ದೊಡ್ಡ ಬಕೆಟು. ಹಟ್ಟಿಗೊಬ್ಬರ ತೆಗವಲೆ, ಮಣ್ಣು ತುಂಬುಸುಲೆ, ಮಳೆಗಾಲಲ್ಲಿ ಬರೆ ಜರುದು ಮನೆಯ ದಾರಿಗೆ ಬಿದ್ದರೆ ಒತ್ತರೆ ಮಾಡ್ಲೆ, ಎಲ್ಲದಕ್ಕೂ ಅದೇ. ಹತ್ತು ಜೆನ ಹೆಡಗೆ ಹೊತ್ತೊಂಡು ಇಡೀ ದಿನ ಮಾಡುವ ಕೆಲಸವ ಉದಿಯಪ್ಪಗ ಕಾಪಿ ಕುಡುದು ಅಪ್ಪದರೊಳ ಮಾಡಿ ಮುಗುಶುತ್ತು. ಈಗ ಹೆಡಗೆ ಹೊರ್ಲೆ ಜೆನ ಎಲ್ಲಿದ್ದವು ಹೇಳಿ ಆನು ನಿಂಗೊಗೆ ಹೇಳೆಕ್ಕೋ?

ಆ ಎರಡು ಕೈಯ ಎತ್ತುದು ಎಣ್ಣೆ. ಎಂಜಿನು ಒಂದು ಪಂಪಿನ ತಿರುಗುಸುತ್ತು, ಪಂಪು ಎಣ್ಣೆಯ ಪೈಪಿಲೆ ಆಗಿ ಸಿಲಿಂಡರಿಂಗೆ ನೂಕುತ್ತು, ಸಿಲಿಂಡರಿನ ಸಲಾಕೆ ಹೆರ ಬಂದು ಕೈಯ ಎತ್ತುತ್ತು. ಸೇಮಗೆ ಒತ್ತುವಗ ಮೇಗಂದ ಹಾಕಿದ ಬಲ ಹಿಟ್ಟಿನ ಕೆಳ ನೂಕುತ್ತಲ್ಲದೋ, ಹಾಂಗೇ. ನೆಡುಕೆ ಇಪ್ಪ ಆ ಕಪ್ಪು ಪೈಪು ಒಡದರೆ ಟ್ರ್ಯಾಕ್ಟರು ಹೋಕು, ಬಕ್ಕು, ಲೋಡರು ಮಾಂತ್ರ ಏಳ.

ಅದು ಒಡವದು ಏವಗ? ಯಜಮಾನ್ರು ಸೊಸೈಟಿಗೆ ಹೋದಿಪ್ಪಗ, ಮಕ್ಕೊ ಬೆಂಗ್ಳೂರಿಲಿಪ್ಪಗ, ನಾಳಂಗೆ ಮಳೆ ಬತ್ತು ಹೇಳಿ ರೇಡಿಯೋಲ್ಲಿ ಹೇಳಿದ ದಿನ. ಡ್ರೈವರು ಬಂದು "ಅಕ್ಕ, ಪೈಪು ಪುಡಾಂಡ್" ಹೇಳುದು ಆರ ಹತ್ತರೆ? ನಮ್ಮ ಹತ್ತರೆ. ಫೋನು ಮಾಡೆಕ್ಕಾದ್ದು ನಾವು. ಕಾದು ಕೂದ ಕೆಲಸದೋರಿಂಗೆ ಮಧ್ಯಾಹ್ನಕ್ಕೆ ಅನ್ನ ಹಾಕೆಕ್ಕಾದ್ದು ನಾವು. ಅಡಕ್ಕೆ ಒಣಗುಸುವ ಜಾಲಿಲಿ ಹರುದ ಎಣ್ಣೆಗೆ ಮರದ ಹೊಡಿ ಹಾಕಿ ಉಡುಗೆಕ್ಕಾದ್ದು ನಾವು. ಅಂಗಡಿಯೋರು ಫೋನಿಲಿ "ಎಷ್ಟು ಇಂಚಿಂದು? ಎಷ್ಟು ವಯರಿಂದು? ನಟ್ಟು ಯಾವುದು?" ಕೇಳಿರೆ ಬಾಯಿ ಕಟ್ಟಿ ನಿಲ್ಲೆಕ್ಕಾದ್ದೂ ನಾವೇ. ಎಲ್ಲ ಕೆಲಸಕ್ಕೂ ನಾವು ಬೇಕು, ಆ ಮೂರು ಉತ್ತರ ಮಾಂತ್ರ ನವಗೆ ಬೇಡ. ಇದರ ಆನು ಒಪ್ಪೆ.

ಈಗ ಆ ಮೂರು ಪ್ರಶ್ನೆಯ ಒಂದೊಂದಾಗಿ ನೋಡುವ.

ಬಳೆ ಅಂಗಡಿಗೆ ಹೋಗಿ ನಾವು ಎಂತ ಹೇಳ್ತು? "ಎರಡು-ಆರರದ್ದು ಕೊಡಿ, ಎರಡು-ಎಂಟು ಸಡಿಲ ಆವುತ್ತು." ಆ ಆರು, ಎಂಟು ಹೇಳಿರೆ ಎಂತ? ಒಂದಿಂಚಿನ ಹದಿನಾರು ಪಾಲು ಮಾಡಿ, ಅದರ ಆರು ಪಾಲು, ಎಂಟು ಪಾಲು. ಎರಡು-ಎಂಟರ ಬಳೆ ಹೇಳಿರೆ ಎರಡೂವರೆ ಇಂಚು. ಹೈಡ್ರಾಲಿಕ್ ಪೈಪಿನ ನಂಬ್ರವೂ ಇದೇ ಲೆಕ್ಕ! ಆರನೇ ನಂಬ್ರ ಹೇಳಿರೆ ಹದಿನಾರರಲ್ಲಿ ಆರು ಪಾಲು, ಹೇಳಿರೆ 3/8 ಇಂಚು. ಎಂಟನೇ ನಂಬ್ರ ಹೇಳಿರೆ ಅರ್ಧ ಇಂಚು. ಹನ್ನೆರಡು ಹೇಳಿರೆ ಮುಕ್ಕಾಲು ಇಂಚು. ಅದೂ ಒಳಾಣ ಓಟೆಯ ಅಳತೆ, ಹೆರಾಣದ್ದಲ್ಲ. ಬಳೆಯೂ ಒಳಾಣ ಅಳತೆಯೇ ಅಲ್ಲದೋ? ಎಂಟು ವರ್ಷದ ಕೂಸಿಪ್ಪಗಳೇ ಕಲ್ತ ಲೆಕ್ಕವ ಐವತ್ತು ವರ್ಷ ಕಳುದ ಮತ್ತೆ "ನಿನಗೆ ಅರ್ಥ ಆಗ" ಹೇಳಿರೆ ಹೇಂಗೆ?

ಎರಡನೇದು ವಯರು. ಆ ಪೈಪು ಬರೀ ರಬ್ಬರಲ್ಲ. ಒಳ ಒಂದು ರಬ್ಬರಿನ ಕೊಳವೆ, ಅದರ ಮೇಗೆ ಉಕ್ಕಿನ ಸಪೂರ ತಂತಿಯ ಜೆಡೆ ಹೆಣದ ಹಾಂಗೆ ಹೆಣದ್ದು, ಅದರ ಮೇಗೆ ಪುನಃ ರಬ್ಬರು. ಜೆಡೆ ಒಂದು ಸುತ್ತು ಇದ್ದರೆ ಒಂದು ವಯರಿನ ಪೈಪು, ಎರಡು ಸುತ್ತು ಇದ್ದರೆ ಎರಡು ವಯರಿಂದು. ಪೈಪಿನ ಬೆನ್ನಿಲಿ ಉದ್ದಕ್ಕೆ ಬರದಿರ್ತು: ಆರ್1 ಅಥವಾ 1ಎಸ್‌ಎನ್ ಹೇಳಿದ್ದರೆ ಒಂದು ವಯರು, ಆರ್2 ಅಥವಾ 2ಎಸ್‌ಎನ್ ಹೇಳಿದ್ದರೆ ಎರಡು. ಅರ್ಧ ಇಂಚಿನ 1ಎಸ್‌ಎನ್ ಪೈಪು ತಡವದು 160 ಬಾರ್ ಒತ್ತಡ, 2ಎಸ್‌ಎನ್ ತಡವದು 275 ಬಾರ್. ಒಂದು ಬಾರ್ ಹೇಳಿರೆ ಚದರ ಸೆಂಟಿಮೀಟರಿಂಗೆ ಹತ್ತರತ್ತರೆ ಒಂದು ಕಿಲೊ ಹೇಳಿ ತಿಳ್ಕೊಂಡರೆ ಸಾಕು.

ಆ ಲೆಕ್ಕ ಎಷ್ಟು ದೊಡ್ಡದು ಹೇಳಿ ಗೊಂತಾಯೆಕ್ಕಾರೆ ನಮ್ಮ ಅಟ್ಟುಂಬೊಳಕ್ಕೇ ಬನ್ನಿ. ಕುಕ್ಕರು ಸೀಟಿ ಹಾಕುವಗ ಒಳ ಇಪ್ಪದು ಸುಮಾರು 1 ಕಿಲೊ ಒತ್ತಡ. ಗ್ಯಾಸಿನ ಪೈಪಿಲಿ, ರೆಗ್ಯುಲೇಟರ್ ದಾಂಟಿದ ಮತ್ತೆ, ಅದರ ಮೂವತ್ತನೇ ಒಂದು ಪಾಲಷ್ಟು. ಟ್ರ್ಯಾಕ್ಟರಿನ ಲೋಡರಿನ ಪೈಪಿಲಿ 150 ಕಿಲೊ, ಕೆಲವರಲ್ಲಿ 200ರ ಹತ್ತರೆ. ಕುಕ್ಕರಿನ ಗಾಸ್ಕೆಟು ರಜ್ಜ ಬಿರುದರೆ ನಾವು ಬದಲುಸದ್ದೆ ಬಿಡ್ತೋ? ಗ್ಯಾಸಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ 5 ವರ್ಷಕ್ಕೊಂದರಿ ಬದಲುಸೆಕ್ಕು ಹೇಳಿ ಮನೆಲಿ ಆರಿಂಗೆ ನೆಂಪಿಪ್ಪದು? ತಾರೀಕು ನೋಡುದು ನಾವು, ಸಿಲಿಂಡರ್ ತಪ್ಪೋರ ಹತ್ತರೆ ಕೇಳುದು ನಾವು. ಒಂದು ಕಿಲೊದ ಮೂವತ್ತನೇ ಪಾಲಿನ ಪೈಪಿಂಗೆ ತಾರೀಕು ನೋಡುವ ಮನೆಲಿ 150 ಕಿಲೊದ ಪೈಪಿಂಗೆ ತಾರೀಕು ನೋಡುವ ಕ್ರಮವೇ ಇಲ್ಲೆ. ಎಂತಗೆ ಹೇಳಿರೆ, ತಾರೀಕು ನೋಡ್ಲೆ ಗೊಂತಿಪ್ಪೋರ ಹತ್ತರೆ ಹೋಪಲೆ ಬಿಟ್ಟಿದವಿಲ್ಲೆ!

ಆ ಪೈಪಿಂಗೂ ತಾರೀಕಿದ್ದು. ಒಳ್ಳೆ ಪೈಪಿಲಿ ತಯಾರಾದ ವರ್ಷವೂ, ವರ್ಷದ ಏವ ಮೂರು ತಿಂಗಳು ಹೇಳಿಯೂ ಬರದಿರ್ತು. ಜರ್ಮನಿಯ ಮಾನದಂಡ ಒಂದರಲ್ಲಿ, ಅಂಗಡಿಲಿ ಕೂದ 2 ವರ್ಷವೂ ಸೇರಿ ಒಟ್ಟು 6 ವರ್ಷಂದ ಹೆಚ್ಚು ಒಂದು ಪೈಪಿನ ಉಪಯೋಗುಸುಲಾಗ ಹೇಳಿ ಇದ್ದು. ನಮ್ಮಲ್ಲಿ ಹದಿನೈದು ವರ್ಷದ ಪೈಪುಗೊ ಮಳೆ, ಬೆಶಿಲು ತಿಂದೊಂಡು ಇನ್ನೂ ನೇತೊಂಡಿದ್ದವು. ಹೊಸ ಪೈಪು ಒಡೆಕ್ಕಾರೆ ಅದರ ಮೇಗೆ ಬರದ ಒತ್ತಡದ ನಾಲ್ಕು ಪಾಲು ಬೇಕು. ರಬ್ಬರು ಬಿರುದು, ತಂತಿ ತುಕ್ಕು ಹಿಡುದ ಹಳೆ ಪೈಪಿಂಗೆ ಆ ಲೆಕ್ಕ ಇಲ್ಲೆ. ಕ್ರಯಲ್ಲಿ ರಜ್ಜ ಕಮ್ಮಿ ಹೇಳಿ 200 ಕಿಲೊದ ಟ್ರ್ಯಾಕ್ಟರಿಂಗೆ ಒಂದು ವಯರಿನ ಅರ್ಧ ಇಂಚಿನ ಪೈಪು ಹಾಕುಸಿರೆ ಅದೂ ಸಾಲ. ಈ ಒಂದು ವಾಕ್ಯ ಗೊಂತಿದ್ದರೆ ಯಜಮಾನ್ರು ಪೇಟೆಂದ ತಂದದರ ನೋಡಿ "ಇದು ಆಗ" ಹೇಳ್ಲೆ ನವಗೆ ಎಡಿಗು.

ಮೂರನೇದು ನಟ್ಟು. ಇದು ಕುಪ್ಪಿಯ ಮುಚ್ಚಲಿನ ಹಾಂಗೆ. ಒಂದು ಕುಪ್ಪಿಯ ಮುಚ್ಚಲಿನ ಇನ್ನೊಂದಕ್ಕೆ ಹಾಕಿರೆ ಎರಡು ಸುತ್ತು ತಿರುಗುಗು, ಮತ್ತೆ ಓರೆ ಕೂದು ಸೋರುಗು. ನಟ್ಟಿಲಿ ಬಿ.ಎಸ್.ಪಿ. ಹೇಳಿ ಒಂದು ಜಾತಿ, ಜೆ.ಐ.ಸಿ. ಹೇಳಿ ಒಂದು, ಮೆಟ್ರಿಕ್ ಹೇಳಿ ಇನ್ನೊಂದು. ಅದರ ಒಳಾಣ ಕೋನ ಒಂದರದ್ದು 60 ಡಿಗ್ರಿ, ಒಂದರದ್ದು 37, ಇನ್ನೊಂದರದ್ದು 24. ಇದರ ಕಣ್ಣಳತೆಲಿ ಹೇಳುದು ಅಂಗಡಿಯೋರ ವಿದ್ಯೆ, ನವಗೆ ಬೇಡ. ನವಗೆ ಬೇಕಾದ್ದು ಇಷ್ಟೇ: ಹಳೆ ಪೈಪಿನ ಎರಡೂ ಕೊಡಿಯ ನಟ್ಟು ಸಮೇತ ತೆಕ್ಕೊಂಡು ಹೋಯೆಕ್ಕು. "ಒಡದ್ದಲ್ಲದಾ, ಎಂತಗೆ?" ಹೇಳಿ ಅದರ ಗುಜರಿ ರಾಶಿಗೆ ಇಡ್ಕಿದೋರಿಂದ ದೊಡ್ಡ ದಡ್ಡರು ಆರೂ ಇಲ್ಲೆ.

ಇನ್ನು ಜಗಳದ ಎರಡನೇ ಭಾಗ. "ಕಟ್ಟಿ ಸುಧಾರ್ಸುವ" ಹೇಳುವೋರ ಮೇಗೆ.

ಸೈಕಲಿನ ಟ್ಯೂಬು ಸುತ್ತಿ, ಮೇಗಂದ ಸರಿಗೆ ಬಿಗುದು, "ಇಂದ್ರಾಣ ಕೆಲಸ ಮುಗಿಯಲಿ" ಹೇಳುವ ಬುದ್ಧಿವಂತಿಕೆ ನಮ್ಮ ಊರಿಲಿ ಬೇಕಾಷ್ಟಿದ್ದು. ತೋಟದ ನೀರಿನ ಪೈಪಿಂಗೆ ಅದು ಸರಿ. ಇದಕ್ಕೆ ಬಿಲ್ಕುಲ್ ಆಗ. 150 ಕಿಲೊದ ಎಣ್ಣೆಗೆ ಸೈಕಲಿನ ಟ್ಯೂಬು ಹೇಳಿರೆ ಹೊಳೆಗೆ ಹುಲ್ಲಿನ ಕಟ್ಟ. ಅದರಿಂದಲೂ ದೊಡ್ಡ ಹೆಡ್ಡುತನ ಹೇಳಿರೆ, "ಎಲ್ಲಿಂದ ಸೋರುತ್ತು ನೋಡುವ" ಹೇಳಿ ಎಂಜಿನು ಓಡ್ಸಿಗೊಂಡು ಪೈಪಿನ ಮೇಗೆ ಬರಿಕೈ ಓಡ್ಸುದು. ಸೂಜಿಯ ಮೊನೆಯಷ್ಟು ಓಟೆಂದ ಹಾರುವ ಎಣ್ಣೆ ಕಣ್ಣಿಂಗೆ ಕಾಂಬಲೂ ಕಾಂಬ, ಆದರೆ ಚೋಲಿಯ ಕುತ್ತಿ ಒಳ ಹೋವುತ್ತು. ಅದಕ್ಕೆ 7 ಕಿಲೊ ಒತ್ತಡ ಸಾಕು, ಇಲ್ಲಿಪ್ಪದು ಅದರ ಇಪ್ಪತ್ತು ಪಾಲು. ಸುರುವಿಂಗೆ ಮುಳ್ಳು ಕುತ್ತಿದಷ್ಟೇ ಗಾಯ, ಬೇನೆಯೂ ಹೆಚ್ಚಿಲ್ಲೆ. ಮತ್ತೆ ಒಳಂದ ಬೀಗಿ, ಹೊತ್ತೋಪಗ ಕೈ ನೀಲಿ ಆವುತ್ತು. ಗಂಟೆಗಳ ಒಳ ಆಪರೇಶನ್ ಮಾಡಿ ಎಣ್ಣೆ ತೆಗೆಯದ್ರೆ ಬೆರಳು ಒಳಿವದೇ ಸಂಶಯ.

ಹಾಂಗಾಗಿ ಆರಾರೂ ಕೈ ತೋರ್ಸಿ "ರಜ್ಜ ಕುತ್ತಿತ್ತು, ಅರಶಿನ ಹಾಕು" ಹೇಳಿರೆ ಅರಶಿನ ಡಬ್ಬಿ ತೆಗೆಯೆಡಿ. ಕೂಡ್ಲೇ ದೊಡ್ಡ ಆಸ್ಪತ್ರೆಗೆ ಕರಕ್ಕೊಂಡು ಹೋಗಿ, ಡಾಕ್ಟರಿಂಗೆ "ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳ ಹೋಯಿದು" ಹೇಳಿ ಬಾಯಿಬಿಟ್ಟು ಹೇಳಿ. ಬರೀ ಗಾಯ ನೋಡಿರೆ ಅವಕ್ಕೂ ಸಣ್ಣದು ಹೇಳಿಯೇ ಕಾಂಗು. ಸೋರುವ ಜಾಗೆ ಹುಡ್ಕೆಕ್ಕಾರೆ ಒಂದು ರಟ್ಟಿನ ತುಂಡು ಹಿಡಿಯೆಕ್ಕು, ಕೈ ಅಲ್ಲ. ಮನೆಲಿ ಸೊಪ್ಪು ಬೇಯುಸುವಗ "ಮುಚ್ಚಲು ಜಾಗ್ರತೆಲಿ ತೆಗೆ" ಹೇಳುವ ಬಾಯಿಗೆ ಈ ಮಾತು ಹೇಳ್ಲೆ ಅಧಿಕಾರ ಇಲ್ಲೆಯೋ?

ಬಕೆಟು ಮೇಗೆ ಇಪ್ಪಗ ಪೈಪು ಒಡದರೆ ಅದು ಮೆಲ್ಲಂಗೆ ಇಳಿತ್ತಿಲ್ಲೆ, ಬೀಳ್ತು. ಪುಳ್ಯಕ್ಕೊ ಅದರ ಅಡಿಲಿ ಆಡ್ಲಾಗ, ಆರೂ ನೆರಳಿಂಗೆ ಹೇಳಿ ಕೂಪಲಾಗ. ನಟ್ಟು ಕಳಚೆಕ್ಕಾರೆ ಮದಲು ಬಕೆಟಿನ ನೆಲಕ್ಕೆ ಇಳುಶೆಕ್ಕು, ಎಂಜಿನು ಬಂದು ಮಾಡೆಕ್ಕು, ಲಿವರಿನ ಹಿಂದೆ ಮುಂದೆ ಎರಡು ಸರ್ತಿ ಆಡ್ಸಿ ಒಳ ಒಳುದ ಒತ್ತಡವ ಬಿಡುಸೆಕ್ಕು. ಕುಕ್ಕರಿನ ಸೀಟಿ ಎತ್ತಿ ಆವಿ ಬಿಡದ್ದೆ ಮುಚ್ಚಲು ತೆಗವಲಾಗ ಹೇಳುದು ಹೇಂಗೋ, ಇದೂ ಹಾಂಗೇ.

ಮೂರನೇ ಜಗಳ "ಗುಜರಿಗೆ ಕೊಡಿ" ಹೇಳುವೋರ ಹತ್ತರೆ.

ಬೆಂಗ್ಳೂರಿಂದ ಬಂದ ಮಕ್ಕೊ ಹೇಳ್ತವು, "ಹಳತ್ತರ ಎಷ್ಟು ದಿನ ಹಿಡ್ಕೊಂಬದು, ಹೊಸತ್ತು ತೆಕ್ಕೊಂಬ." ಒಂದು ಪೈಪು ಒಡದ್ದಕ್ಕೆ ಟ್ರ್ಯಾಕ್ಟರು ಕೊಡುದು, ದೋಸೆಕಲ್ಲಿನ ಹಿಡಿ ತುಂಡಾದ್ದಕ್ಕೆ ಅಡಿಗೆಮನೆ ಕೆಡಗಿದ ಹಾಂಗೆ. ಎಂಜಿನು ಸರಿ ಇದ್ದು, ಗೇರು ಸರಿ ಇದ್ದು, ಟಯರು ಸರಿ ಇದ್ದು. ಆದರೆ ಈ ಮಾತಿಂಗೆ ಬಲ ಬಪ್ಪದು ಎಲ್ಲಿಂದ ಹೇಳಿರೆ, ಹಳತ್ತಕ್ಕೆ ಆಸರೆ ಇಲ್ಲೆ ಹೇಳುವ ಹೆದರಿಕೆಂದ. ಆ ಹೆದರಿಕೆ ಸುಳ್ಳಲ್ಲ. ನಮ್ಮ ಮದುವೆ ಕಾಲಲ್ಲಿ ಮದುಮಾಯಂಗೆ ಎಚ್.ಎಂ.ಟಿ. ವಾಚು ಕೊಡದ್ದ ಮನೆ ಇತ್ತೋ? 1953ಲ್ಲಿ ಬೆಂಗ್ಳೂರಿಲಿ ಸುರುವಾದ ಅದೇ ಎಚ್.ಎಂ.ಟಿ. ಮತ್ತೆ ಹರಿಯಾಣದ ಪಿಂಜೋರಿಲಿ ಟ್ರ್ಯಾಕ್ಟರೂ ಮಾಡಿತ್ತು. 2016ಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ. ವಾಚಿನ ಕಂಪೆನಿಯನ್ನೂ, ಪಿಂಜೋರಿನ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚುಲೆ ತೀರ್ಮಾನ ಮಾಡಿತ್ತು. ಆ ಟ್ರ್ಯಾಕ್ಟರು ಮಡಿಕ್ಕೊಂಡ ಮನೆಯೋರು ಇನ್ನು ಕಂಪೆನಿಗೆ ಫೋನು ಮಾಡಿ ಎಂತ ಕೇಳುದು? ಆದರೂ ಆ ಟ್ರ್ಯಾಕ್ಟರುಗೊ ಓಡ್ತಾ ಇದ್ದವು. ಓಡ್ಸುದು ಕಂಪೆನಿ ಅಲ್ಲ, ಊರ ಮೆಕ್ಯಾನಿಕ್ಕುಗೊ.

ಸರಕಾರದ ಲೆಕ್ಕವನ್ನೂ ನೋಡಿ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಲಿ ಹೊಸ ಯಂತ್ರ ತೆಗವಲೆ ಸಣ್ಣ ರೈತರಿಂಗೆ, ಹೆಮ್ಮಕ್ಕೊಗೆ ಶೇ. 50 ವರೆಗೆ ಸಬ್ಸಿಡಿ, ಉಳುದೋರಿಂಗೆ ಶೇ. 40. ಹಾಂಗಾಗಿ ಅರ್ಜಿ ಹಾಕುವಗ ಎಲ್ಲೋರಿಂಗೂ ಹೆಂಡತ್ತಿಯ ನೆಂಪಾವುತ್ತು! "ಇಲ್ಲಿ ಒಂದು ಸೈನು ಹಾಕು" ಹೇಳಿ ಕಾಗದ ತತ್ತವು. ಯಂತ್ರ ನಮ್ಮ ಹೆಸರಿಲಿ, ಸಾಲ ನಮ್ಮ ಹೆಸರಿಲಿ. ಸೈನು ಹಾಕುವಗ ನವಗೆ ಎಲ್ಲ ಅರ್ಥ ಆವುತ್ತು, ಪೈಪು ಒಡದಪ್ಪಗ ಅರ್ಥ ಆಗ! ಇದಕ್ಕೆ ಎಂತ ಹೇಳುದು, ನಿಂಗಳೇ ಹೇಳಿ.

ಅಂಬಗ ಆಸರೆ ಎಲ್ಲಿದ್ದು? ಪೈಪು ಒಡದಪ್ಪಗ ಎಲ್ಲೋರೂ ಸುರುವಿಂಗೆ ಓಡುದು ಟ್ರ್ಯಾಕ್ಟರಿನ ಶೋರೂಮಿಂಗೆ. ಎಂಗೊಗೆ ಒಂದು ಶೋರೂಮಿಲಿ ಸಿಕ್ಕಿದ ಉತ್ತರ: "ಈ ಮಾಡೆಲಿಂದು ಬರುದಿಲ್ಲ ಅಮ್ಮ, ಲೋಡರ್ ನಮ್ಮದಲ್ಲ. ಹೊಸತ್ತರ ಕೊಟೇಶನ್ ಕೊಡ್ಬೇಕಾ?" ಒಂದು ಸೇರು ಅಕ್ಕಿ ಕೇಳಿದೋರಿಂಗೆ ಗೆದ್ದೆಯ ಕ್ರಯ ಹೇಳಿದ ಹಾಂಗಾತು.

ಪೈಪಿಂಗೆ ಟ್ರ್ಯಾಕ್ಟರಿನ ಜಾತಿ ಇಲ್ಲೆ, ಮಾಡೆಲೂ ಇಲ್ಲೆ. ಅರ್ಧ ಇಂಚಿನ ಎರಡು ವಯರಿನ ಪೈಪು ನಮ್ಮ ಲೋಡರಿಂಗೂ ಅದೇ, ಜೆಸಿಬಿಗೂ ಅದೇ, ಟಿಪ್ಪರಿಂಗೂ ಅದೇ. ಉದ್ದ ಕಡುದು, ಕೊಡಿಗೆ ನಟ್ಟು ಮಡುಗಿ, ಕ್ರಿಂಪಿಂಗ್ ಮಿಶನಿಲಿ ಸುತ್ತಂದಲೂ ಒತ್ತಿರೆ ಹೊಸ ಪೈಪು ತಯಾರು. ಹಾಂಗಾಗಿ ಟ್ರ್ಯಾಕ್ಟರಿನೋರ ಹಿಂದೆ ಹೋಪದರಿಂದ ಮಣ್ಣು ಒಕ್ಕುವೋರ ಹಿಂದೆ ಹೋಯೆಕ್ಕು. ಜೆಸಿಬಿ ನಮ್ಮ ದೇಶಕ್ಕೆ ಬಂದದು 1979ಲ್ಲಿ. ನಾವು ಬಾಯಿಮಾತಿಲಿ ಬರೀ "ಹಿಟಾಚಿ" ಹೇಳುವ ಯಂತ್ರ ನಮ್ಮ ಧಾರವಾಡಲ್ಲೇ ತಯಾರಾವುತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಮೂರು ತಾಲೂಕಿಲೂ ಕೆಂಪುಕಲ್ಲಿನ ಕೋರೆ ಇದ್ದು, ಜಲ್ಲಿ ಕ್ರಷರ್ ಇದ್ದು. ಬಿ.ಸಿ.ರೋಡಿಂದ ಅಡ್ಡಹೊಳೆವರೆಗೆ, ಪುಂಜಾಲಕಟ್ಟೆಂದ ಚಾರ್ಮಾಡಿವರೆಗೆ, ಮೂಡಬಿದ್ರೆಲೆ ಆಗಿ ಸಾಣೂರಿಂಗೆ ಮಾರ್ಗ ಅಗಲ ಮಾಡುವ ಕೆಲಸಲ್ಲಿ ಎಷ್ಟು ಹಿಟಾಚಿ ನಿಂದಿದವು ಹೇಳಿ ಬಸ್ಸಿಲಿ ಹೋಪಗ ನಾವೇ ನೋಡಿದ್ದು. ಅವರ ಪೈಪು ಒಡೆತ್ತಿಲ್ಲೆಯೋ? ವಾರವಾರ ಒಡೆತ್ತು. ಒಂದು ಗಂಟೆ ನಿಂದರೆ ಅವಕ್ಕೆ ಸಾವಿರಗಟ್ಲೆ ನಷ್ಟ, ಬೆಂಗ್ಳೂರಿಂದ ಬಕ್ಕು ಹೇಳಿ ಅವು ಕಾಯ್ತವಿಲ್ಲೆ. ಅವು ಎಲ್ಲಿ ಹೋವುತ್ತವೋ ನಾವೂ ಅಲ್ಲಿಗೇ.

ಬರೆ ಕಡಿವಲೆ, ಗುಂಡಿ ತೆಗವಲೆ ಬಂದ ಜೆಸಿಬಿಯ ಡ್ರೈವರಿಂಗೆ ಆಸರಿಂಗೆ ಕೊಡುವಗ ಒಂದು ಮಾತು ಕೇಳಿ: "ಅಣ್ಣ, ನಿಮ್ಮ ಹೋಸ್ ಪೈಪು ಎಲ್ಲಿ ಪ್ರೆಸ್ ಮಾಡಿಸ್ತೀರಿ?" ಅವು ಹೇಳಿದ ಅಂಗಡಿಯ ಹೆಸರು, ಫೋನು ನಂಬ್ರ, ಏವ ದಿನ ರಜೆ, ಎಲ್ಲ ಕ್ಯಾಲೆಂಡರಿನ ಹಿಂದೆ ಬರದು ಮಡುಗಿ. ಟಿಪ್ಪರಿನ ಗ್ಯಾರೇಜಿನೋರಿಂಗೂ ಗೊಂತಿರ್ತು, ಬೋರುವೆಲ್ ತೆಗವಲೆ ಬಪ್ಪ ರಿಗ್ಗಿನೋರಿಂಗೂ ಗೊಂತಿರ್ತು. ತಾಲೂಕಿನ ಪೇಟೆಲಿ ಸಿಕ್ಕದ್ರೆ ಮಂಗ್ಳೂರಿನ ಬೈಕಂಪಾಡಿ, ಯೆಯ್ಯಾಡಿಯ ಕೈಗಾರಿಕಾ ಪ್ರದೇಶ ಇದ್ದು, ಆದರೆ ಅದು ಅಕೇರಿಯಾಣ ಬಾಗಿಲು. ಫೋನು ಮಾಡದ್ದೆ ಎಲ್ಲಿಗೂ ಹೆರಡೆಡಿ.

ಫೋನಿಲಿ ಹೇಳೆಕ್ಕಾದ್ದು ಇಷ್ಟು: ಒಳಾಣ ಅಳತೆ, ವಯರು ಎಷ್ಟು, ಒಂದು ಕೊಡಿಂದ ಇನ್ನೊಂದು ಕೊಡಿವರೆಗೆ ಉದ್ದ ಎಷ್ಟು, ನಟ್ಟು ನೇರ ಇದ್ದೋ, ಮಣಿಗಂಟಿನ ಹಾಂಗೆ ಬಗ್ಗಿದ್ದೋ, ಎರಡೂ ಕೊಡಿ ಬಗ್ಗಿದ್ದಾದರೆ ಒಂದೇ ದಿಕ್ಕಿಂಗೋ, ಬೇರೆ ಬೇರೆಯೋ. ಪೈಪಿನ ಬೆನ್ನಿಂದೂ ಎರಡು ಕೊಡಿದೂ ಪಟ ತೆಗದು ಕಳುಸಿರೆ ಇನ್ನೂ ಸಸಾರ. ಪೈಪು ಕಳಚಿದ ಕೂಡ್ಲೇ ಟ್ರ್ಯಾಕ್ಟರಿನ ಹೊಡೆಲಿ ತೆರದ ಬಾಯಿಗೆ ಶುದ್ಧ ಪ್ಲಾಸ್ಟಿಕ್ಕು ಕಟ್ಟೆಕ್ಕು. ಒಂದು ಚಿಟಿಕೆ ಹೊಯಿಗೆ ಒಳ ಹೋದರೆ ಪಂಪು ಹಾಳು. ಸೋರಿದ ಎಣ್ಣೆಯ ಬಾಲ್ದಿಲಿ ಹಿಡುದು ಮಡುಗಿ, ತೋಡಿಂಗೆ ಬಿಡೆಡಿ. ಆ ತೋಡಿನ ನೀರೇ ಕೆರೆಗೆ, ಕೆರೆಯದ್ದೇ ಬಾವಿಗೆ.

ಇಷ್ಟು ಹೇಳುವಗ ಎನ್ನ ತಂಗೆ ಒಂದು ಮಾತು ಎಸದತ್ತು, ಅದು ಸಣ್ಣ ಮಾತಲ್ಲ. "ಅಕ್ಕಾ, ಇದನ್ನೂ ಕಲ್ತರೆ ಇದೂ ನಮ್ಮ ತಲಗೇ ಬಕ್ಕು. ಹಟ್ಟಿ, ಅಟ್ಟುಂಬೊಳ, ಅತ್ತೆಯ ಮದ್ದು, ಮಕ್ಕಳ ಫೀಸು ಎಲ್ಲ ಆತು, ಇನ್ನು ಟ್ರ್ಯಾಕ್ಟರೂ ಬೇಕೋ? ಗೊಂತಿಲ್ಲೆ ಹೇಳಿ ಕೂಪದೇ ಸುಖ."

ಇದರ ಆನು ತಳ್ಳಿ ಹಾಕೆ. ನಮ್ಮ ಮನೆಗಳಲ್ಲಿ ಗೊಂತಿಪ್ಪೋರಿಂಗೇ ಕೆಲಸ ಹೆಚ್ಚು ಹೇಳುದು ಸತ್ಯ. ಆದರೆ ತಂಗೇ, ಗೊಂತಿಲ್ಲದ್ದೆ ಇಪ್ಪಗ ನಮ್ಮ ಕೆಲಸ ಎಂತ ಕಮ್ಮಿ ಆಯಿದು? ಪೈಪು ಒಡದು ಮೂರು ದಿನ ಲೋಡರು ನಿಂದರೆ ಆ ಮೂರು ದಿನವೂ ಅನ್ನ ಬೇಯುಸುದು ಆರು? ತಪ್ಪು ಅಳತೆಯ ಪೈಪು ತಂದು ಪುನಃ ಪೇಟೆಗೆ ಹೋಪ ದಿನ ದನಗಳ ನೋಡಿಗೊಂಬದು ಆರು? ನಟ್ಟು ಕಳಚುದು, ಎಣ್ಣೆ ತುಂಬುಸುದು ಎನ್ನ ಕೆಲಸ ಹೇಳಿ ಆನು ಹೇಳಿದ್ದಿಲ್ಲೆ. ಅದಕ್ಕೆ ಡ್ರೈವರು ಇದ್ದವು, ಮೆಕ್ಯಾನಿಕ್ಕು ಇದ್ದವು, ಸಂಬಳ ಇದ್ದು. ಎನಗೆ ಬೇಕಾದ್ದು ನಾಲ್ಕು ನಂಬ್ರ, ಎರಡು ಫೋನು, ಒಂದು "ಕೈ ಹಾಕೆಡಿ" ಹೇಳುವ ಅಧಿಕಾರ. ಕೆಲಸವ ನಮ್ಮ ತಲಗೆ ಹಾಕುದು ಬೇರೆ, ಮಾಹಿತಿಯ ನಮ್ಮ ಕೆಮಿಂದ ದೂರ ಮಡುಗುದು ಬೇರೆ. ಈಗ ನೆಡವದು ಎಂತ ಹೇಳಿರೆ, ಕೆಲಸ ಇಡೀ ನಮ್ಮ ತಲಗೆ, ಮಾಹಿತಿ ಮಾಂತ್ರ ಜೆಗಿಲಿಲಿ!

ಇನ್ನೊಂದು ಸಂಗತಿಲಿ ನಾವೂ ಬದಲೆಕ್ಕು. ಊರ ಹೋಸಿನ ಅಂಗಡಿಯೋರ ಹತ್ತರೆ, ಊರ ಮೆಕ್ಯಾನಿಕ್ಕಿನ ಹತ್ತರೆ ಚೌಕಾಶಿ ಮಾಡುವ ನಮ್ಮ ಮನೆಯೋರು ಶೋರೂಮಿನ ಬಿಲ್ಲಿಂಗೆ ಸೊಲ್ಲೆತ್ತುತ್ತವಿಲ್ಲೆ. ಊರೋರಿಂಗೆ "ಅಡಕ್ಕೆ ಕೊಟ್ಟ ಮತ್ತೆ ಕೊಡ್ತೆ", ಶೋರೂಮಿಂಗೆ ಕೂಡ್ಲೇ. ಹೀಂಗೇ ಮಾಡಿರೆ ಆ ಅಂಗಡಿ ಮುಚ್ಚುಗು, ಆ ಹುಡುಗರು ದುಬೈಗೋ ಬೆಂಗ್ಳೂರಿಂಗೋ ಹೋಕು, ಅಂಬಗ ಒಂದು ಮೀಟರ್ ಪೈಪಿಂಗೆ ಒಂದು ದಿನದ ಪ್ರಯಾಣ. ಮನೆಯ ಲೆಕ್ಕದ ಪುಸ್ತಕ ನಮ್ಮ ಕೈಲಿ ಇಪ್ಪ ಮನೆಗಳಲ್ಲಿ ಇದರ ಸರಿ ಮಾಡುದು ನಮ್ಮ ಕೈಲೇ ಇದ್ದು. ಮೆಕ್ಯಾನಿಕ್ಕಿನ ಪೈಸೆ ಅಂದ್ರಾಣದ್ದು ಅಂದೇ ಕೊಡುಸಿ.

ಕಲಿವಲೆ ಜಾಗೆ ಇಲ್ಲೆ ಹೇಳೆಡಿ. ಉಜಿರೆಯ ರುಡ್‌ಸೆಟ್ 1982ರಿಂದ ಹಳ್ಳಿಯ ಹುಡುಗರಿಂಗೆ, ಕೂಸುಗೊಕ್ಕೆ ಸ್ವಂತ ಉದ್ಯೋಗದ ತರಬೇತಿ ಕೊಟ್ಟೊಂಡು ಬೈಂದು. ನಿಂಗಳ ನೆರೆಕರೆಲಿ ಕೈಕೆಲಸ ಗೊಂತಿಪ್ಪ, ಪಿಯುಸಿ ಮುಗುದು ಮನೆಲಿ ಕೂದ ಹುಡುಗರಿದ್ದರೆ ಹೈಡ್ರಾಲಿಕ್ ಕೆಲಸ ಕಲಿವಲೆ ಹೇಳಿ. ನಮ್ಮ ಮೂರು ತಾಲೂಕಿಲಿ ಆ ಕೆಲಸಕ್ಕೆ ಬರಗಾಲ ಬಾರ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಂಗೊ ನಮ್ಮ ಊರೂರಿಲಿ ಇದ್ದವು. ಸಂಘದ ಮೀಟಿಂಗಿಲಿ ಹೊಲಿಗೆ ಕಲಿತ್ತು, ಉಪ್ಪಿನಕಾಯಿ ಕಲಿತ್ತು. ಒಂದು ದಿನ ಅರ್ಧ ಗಂಟೆ ಊರ ಮೆಕ್ಯಾನಿಕ್ಕಿನ ದಿನಿಗೇಳಿ, ಒಂದು ಒಡದ ಪೈಪಿನ ಕೊಯ್ದು ತೋರ್ಸಿ ಹೇಳುವ. ಒಳಾಣ ತಂತಿಯ ಜೆಡೆಯ ಒಂದರಿ ಕಣ್ಣಾರೆ ನೋಡಿದೋರಿಂಗೆ ಮತ್ತೆ ಆರೂ "ಅರ್ಥ ಆಗ" ಹೇಳ್ಲೆ ಎಡಿಯ.

ಇದು ನಮ್ಮ ಜಾಲಿನ ಜಗಳ ಮಾಂತ್ರ ಹೇಳಿ ಗ್ರೇಶೆಡಿ. ಅಮೇರಿಕಲ್ಲಿ "ಎಂಗಳ ಟ್ರ್ಯಾಕ್ಟರಿನ ಎಂಗಳೇ ರಿಪೇರಿ ಮಾಡ್ಲೆ ಬಿಡಿ" ಹೇಳಿ ಕೃಷಿಕರು ವರ್ಷಗಟ್ಲೆ ಬಡುದಾಡಿ, ಕೊಲರಾಡೋ ರಾಜ್ಯಲ್ಲಿ 2023ಲ್ಲಿ ಕಾನೂನೇ ಆತು. ನಮ್ಮ ದೇಶಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತ್ತು. ಅದು ಸುರುವಿಂಗೆ ಹಿಡುದ ನಾಲ್ಕು ವಿಭಾಗಲ್ಲಿ ಮೊಬೈಲು, ಮನೆಬಳಕೆಯ ಯಂತ್ರ, ವಾಹನದ ಒಟ್ಟಿಂಗೆ ಕೃಷಿ ಯಂತ್ರವೂ ಇದ್ದು. ಆದರೆ ಹಕ್ಕು ಕಾಗದಲ್ಲಿ ಇದ್ದರೆ ಸಾಲ. ಪೈಪಿನ ಬೆನ್ನಿಲಿ ಬರದ್ದರ ಓದುವೋರು ಮನೆಲಿ ಒಬ್ಬರಾದರೂ ಬೇಕು, ಆ ಒಬ್ಬರು ಹಗಲೊತ್ತಿಂಗೆ ಮನೆಲಿ ಇಪ್ಪೋರೇ ಆಯೆಕ್ಕು. ಹಗಲೊತ್ತಿಂಗೆ ಮನೆಲಿ ಇಪ್ಪದು ಆರು ಹೇಳಿ ಪುನಃ ಹೇಳೆಕ್ಕೋ?

ಹಾಂಗಾಗಿ ಇದೇ ವಾರ ಒಂದು ಕೆಲಸ ಮಾಡಿ. ಎಂಜಿನು ಬಂದಾಗಿ, ಬಕೆಟು ನೆಲಲ್ಲಿಪ್ಪಗ, ಒಂದು ಚೆಂಡಿ ವಸ್ತ್ರ ತೆಕ್ಕೊಂಡು ಪೈಪಿನ ಮೇಗಾಣ ಕೆಸರು ಉದ್ದಿ. ಬರದ ಅಕ್ಷರ ಕಾಣ್ತೋ ನೋಡಿ. ಕಂಡರೆ ಬರದು ಮಡುಗಿ: ಅಳತೆ, ವಯರು, ವರ್ಷ. ಕಾಣದ್ರೆ ಅಷ್ಟು ಹಳತ್ತಾಯಿದು ಹೇಳಿಯೇ ಲೆಕ್ಕ, ಒಡವ ಮದಲೇ ಬದಲುಸುಲೆ ಹೇಳಿ. ರಬ್ಬರು ಬಿರುದ್ದೋ, ಉಬ್ಬಿದ್ದೋ, ನಟ್ಟಿನ ಬುಡಲ್ಲಿ ಎಣ್ಣೆಯ ಪಸೆ ಇದ್ದೋ ನೋಡಿ. ಟ್ರ್ಯಾಕ್ಟರು ಇಲ್ಲದ್ದ ಮನೆಯೋರು ನೆರೆಕರೆಯ ಅಕ್ಕಂಗೆ ಇದರ ಓದಿ ಹೇಳಿ.

"ನಿನಗೆ ಎಂತಗೆ ಅದೆಲ್ಲ?" ಹೇಳಿ ಆರಾರೂ ಕೇಳಿರೆ, ಆರ್‌ಟಿಸಿಲಿ, ಸಾಲದ ಕಾಗದಲ್ಲಿ ಇಪ್ಪ ನಿಂಗಳ ಹೆಸರಿನ ತೋರ್ಸಿ. ಮತ್ತೆ ಚಾಯ ಮಾಡಿ ಕೊಡಿ. ಕೊಡುವಗ ಕೇಳಿ, "ಹೋಸು ಎಂಟನೇ ನಂಬ್ರದ್ದೋ, ಆರನೇದೋ?" ಉತ್ತರ ಬಾರದ್ರೆ ಆರಿಂಗೆ ಅರ್ಥ ಆಯಿದಿಲ್ಲೆ ಹೇಳಿ ಜೆಗಿಲಿಲಿ ಕೂದ ಎಲ್ಲೋರಿಂಗೂ ಗೊಂತಕ್ಕು.